ನಮ್ಮ ಕಂಪ್ಯೂಟರಿಗೆ ಬೇಕಾದ್ದು ಬಣ್ಣದ ಲೈಟಲ್ಲ



ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ 6 ಕಂಪ್ಯೂಟರುಗಳಿವೆ. ಅದರಲ್ಲಿ ಆನ್ ಆಗುವುದು ಎರಡೇ. ಒಂಬತ್ತು ಮತ್ತು ಹತ್ತನೇ ತರಗತಿ ಸೇರಿ ನಾವು 61 ಜನ. ಒಂದು ಪೀರಿಯಡ್ಡಿನಲ್ಲಿ ಒಬ್ಬರ ಕೈಗೆ ಮೌಸ್ ಸಿಕ್ಕಿದರೆ ಅದೇ ಪುಣ್ಯ. ಹಿಂದೆ ನಿಂತವರಿಗೆ ಮುಂದಿನವರ ಜಡೆ ಮಾತ್ರ ಕಾಣುತ್ತದೆ. ಈಗ ಹಳೆಯ ವಿದ್ಯಾರ್ಥಿಗಳು ಸೇರಿ ಈ ಕೋಣೆಗೆಂದೇ 8,000 ರೂಪಾಯಿ ಕೊಟ್ಟಿದ್ದಾರೆ. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಬರುವ ಶನಿವಾರ ಶಾಲಾ ಸಂಸತ್ತಿನಲ್ಲಿ ಚರ್ಚೆ ಇದೆ.

ಗಾಜಿನ ಬಾಗಿಲಿನ, ಬಣ್ಣದ ಲೈಟು ಹತ್ತುವ ಹೊಸ ಕ್ಯಾಬಿನೆಟ್ ತರಬೇಕು ಎಂದು ಕೆಲವರ ಆಸೆ. ಎಲ್ಲವನ್ನೂ ಗುಜರಿಗೆ ಹಾಕಿ, ಬಂದ ದುಡ್ಡನ್ನೂ ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋಣ ಎಂದು ಇನ್ನು ಕೆಲವರು. ನನ್ನ ಅಭಿಪ್ರಾಯ ಬೇರೆ. ಮೊದಲು ಅರ್ಥಿಂಗ್, ಆಮೇಲೆ ಎಸ್.ಎಂ.ಪಿ.ಎಸ್., ಆಮೇಲೆ ಗಾಳಿ. ಪೆಟ್ಟಿಗೆಯ ವಿಚಾರ ಎಲ್ಲದಕ್ಕಿಂತ ಕೊನೆಗೆ.

ಮೊದಲನೆಯದಾಗಿ, ನಾಲ್ಕು ಕಂಪ್ಯೂಟರ್ ಸತ್ತಿವೆ ಅನ್ನುವುದೇ ಸುಳ್ಳು. ಚಿಂತಾಮಣಿಯಲ್ಲಿ ಐ.ಟಿ.ಐ. ಓದುತ್ತಿರುವ ನಮ್ಮಣ್ಣ ದಸರಾ ರಜೆಗೆ ಬಂದಾಗ ಮೇಷ್ಟ್ರ ಅಪ್ಪಣೆ ಪಡೆದು ಒಂದು ಪರೀಕ್ಷೆ ಮಾಡಿದ. ಚೆನ್ನಾಗಿರುವ ಒಂದು ಕಂಪ್ಯೂಟರಿನ ಎಸ್.ಎಂ.ಪಿ.ಎಸ್. ಬಿಚ್ಚಿ, ಆ ನಾಲ್ಕಕ್ಕೂ ಒಂದೊಂದಾಗಿ ಸಿಕ್ಕಿಸಿ ನೋಡಿದ. ಮೂರು ಎದ್ದು ಕೂತವು! ನಾಲ್ಕನೆಯದರ ಮದರ್‌ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರುಗಳು ತಲೆ ಉಬ್ಬಿ ಕಂದು ರಸ ಸೋರಿಸಿದ್ದವು. ಅದು ನಿಜವಾಗಿ ಹೋಗಿದೆ. ಮಿಕ್ಕ ಮೂರಕ್ಕೆ ಬಂದಿರುವುದು ಹೊಟ್ಟೆಗಿಲ್ಲದ ಕಾಯಿಲೆ ಅಷ್ಟೆ. ಎರಡು ವರ್ಷದಿಂದ ಅವುಗಳ ಮೇಲೆ ಹೂವಿನ ಕುಂಡ ಇಟ್ಟಿದ್ದೇವೆ.

ಎಸ್.ಎಂ.ಪಿ.ಎಸ್. ಎಂದರೆ ಗೋಡೆಯಿಂದ ಬರುವ 230 ವೋಲ್ಟಿನ ಎ.ಸಿ. ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ಡಿ.ಸಿ. ಕರೆಂಟಾಗಿ ಮಾಡಿ ಕೊಡುವ ಪೆಟ್ಟಿಗೆ. ನಮ್ಮ ಕಡೆ ಅದರ ಪಾಡು ಕೇಳಬೇಡಿ. ಸುತ್ತ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು. ಮೋಟರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ, ಆಗ ನಮ್ಮ ಕೋಣೆಯ ಲೈಟು ಒಂದು ಸಲ ಮಂಕಾಗುವುದನ್ನು ನೀವೆಲ್ಲ ನೋಡಿದ್ದೀರಿ. ಒಳ್ಳೆಯ ಎಸ್.ಎಂ.ಪಿ.ಎಸ್. ಆ ಕಣ್ಣು ಮಿಟುಕಿನಷ್ಟು ಹೊತ್ತನ್ನು ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟದ್ದರಿಂದ ಸುಧಾರಿಸಿಕೊಳ್ಳುತ್ತದೆ. ಕೆಪಾಸಿಟರ್ ಒಣಗಿದ ಹಳೆಯದಕ್ಕೆ ಆ ಶಕ್ತಿ ಇಲ್ಲ, ಕಂಪ್ಯೂಟರ್ ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗುತ್ತದೆ. ಇದಕ್ಕೆ ಕೆಲವರು "ವೈರಸ್ ಬಂದಿದೆ" ಅಂತಾರೆ. ಕಳೆದ ವರ್ಷ ಒಬ್ಬರು ನಿಂಬೆಹಣ್ಣನ್ನೂ ಇಟ್ಟರು. ನಮ್ಮ ಜಿಲ್ಲೆಯ ಗೌರಿಬಿದನೂರು ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೇ ಪರೀಕ್ಷಿಸಲು ಸಮಿತಿ ಮಾಡಿದವರು. ನಾವು ಒಂದು ಡಬ್ಬಿಯನ್ನು ಬಿಚ್ಚಿ ನೋಡಲಾರೆವೇ?

ಅಂಗಡಿಯಲ್ಲಿ ಎಸ್.ಎಂ.ಪಿ.ಎಸ್. ಕೊಳ್ಳುವಾಗ ಮೋಸ ಹೋಗುವುದು ಬಹಳ ಸುಲಭ. ದೊಡ್ಡಕ್ಷರದಲ್ಲಿ 450 ಎಂದು ಬರೆದಿರುತ್ತದೆ, ಗಿರಾಕಿ ಅದು ವ್ಯಾಟ್ ಎಂದುಕೊಳ್ಳುತ್ತಾನೆ. ಪಕ್ಕದ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಓದಬೇಕು. ನಮ್ಮಲ್ಲಿ ಸುಟ್ಟುಹೋದದ್ದರ ಮೇಲೆ 14 ಆಂಪಿಯರ್ ಎಂದಿದೆ. 12ನ್ನು 14ರಿಂದ ಗುಣಿಸಿದರೆ 168. ಮುಖ್ಯ ಕೆಲಸಕ್ಕೆ ಸಿಗುವುದು ಅಷ್ಟೇ ವ್ಯಾಟ್! ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ಹಾಗಂತ ದೊಡ್ಡದೇ ಬೇಕು ಎಂದೇನಿಲ್ಲ. ನಮ್ಮವು ಕೋರ್ 2 ಡ್ಯುಯೋ ಕಾಲದವು, ಪ್ರೊಸೆಸರ್ 65 ವ್ಯಾಟಿನದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹೇಳಿದಷ್ಟನ್ನು ನಿಜವಾಗಿ ಕೊಡುವ 300 ವ್ಯಾಟ್ ಇದ್ದರೆ ಧಾರಾಳವಾಯಿತು. 450 ಎಂದು ಬರೀ ಬರೆದುಕೊಂಡಿರುವುದಕ್ಕಿಂತ ಅದೇ ಮೇಲು. ಹಗುರವಾದದ್ದನ್ನು ಅನುಮಾನಿಸು ಅಂತ ನಮ್ಮಣ್ಣ ಹೇಳ್ತಾನೆ, ಒಳಗೆ ತಾಮ್ರ ಅಲ್ಯೂಮಿನಿಯಂ ಕಡಿಮೆ ಹಾಕಿದರೆ ತೂಕವೂ ಕಡಿಮೆ.

ಒಂದು ಎಚ್ಚರಿಕೆ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಪೂರ್ತಿಯಾಗಿ ಬದಲಾಯಿಸಬಹುದು, ಆದರೆ ಅದರ ಮುಚ್ಚಳವನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಈಗ ಅರ್ಥಿಂಗ್ ವಿಷಯ. ನನಗೆ ಎಲ್ಲದಕ್ಕಿಂತ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ, ಅದನ್ನು ನಾವು ಆಟ ಮಾಡಿಕೊಂಡಿದ್ದೇವೆ! ಆರನೇ ತರಗತಿಯ ಮಕ್ಕಳನ್ನು ಕರೆದು "ಮುಟ್ಟು ಮುಟ್ಟು" ಅಂತಾರೆ. ಎಸ್.ಎಂ.ಪಿ.ಎಸ್. ಒಳಗೆ ಕರೆಂಟಿನ ಗಲಾಟೆ ಸೋಸುವ ಪುಟ್ಟ ಕೆಪಾಸಿಟರುಗಳಿರುತ್ತವೆ. ಅವುಗಳಿಂದ ಸ್ವಲ್ಪ ಕರೆಂಟು ಲೋಹದ ಪೆಟ್ಟಿಗೆಗೆ ಸೋರುವುದು ಸಹಜ, ಅದು ಮೂರನೇ ಪಿನ್ನಿನ ಮೂಲಕ ಭೂಮಿಗೆ ಹೋಗಬೇಕು. ನಮ್ಮ ಕೋಣೆಯಲ್ಲಿ ಎರಡು ಪ್ಲಗ್ಗುಗಳಿಗೆ ಆ ದಪ್ಪ ಪಿನ್ನೇ ಇಲ್ಲ, ಸಾಕೆಟ್ಟಿಗೆ ಹೋಗಲಿಲ್ಲ ಅಂತ ಯಾರೋ ಮುರಿದಿದ್ದಾರೆ. ಹಿತ್ತಲಿನ ಅರ್ಥಿಂಗ್ ಗುಂಡಿಗೆ ನೀರು ಹುಯ್ದು ಎಷ್ಟು ಕಾಲವಾಯಿತೋ. ಇವತ್ತು ಬರೀ ಜುಮ್ ಅನ್ನುವ ಪೆಟ್ಟಿಗೆಯಲ್ಲಿ ನಾಳೆ ಒಂದು ವೈರು ಸವೆದು ತಗುಲಿದರೆ ಅದು ಆಟವಾಗಿ ಉಳಿಯುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಇದನ್ನು ಸರಿ ಮಾಡಿಸುವುದಕ್ಕೆ ಮುಂಚೆ ಒಂದು ಸ್ಕ್ರೂ ಕೂಡ ಕೊಳ್ಳಬಾರದು.

ಇನ್ನು ಗಾಳಿ. ಶಿಡ್ಲಘಟ್ಟದ ಕಡೆಯವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಳು ಮನೆ ಹೇಗೆ ಕಟ್ಟುತ್ತಾರೆ? ಎದುರುಬದುರಾಗಿ ಕಿಟಕಿ, ಮೇಲೆ ಬಿಸಿಗಾಳಿ ಹೋಗಲು ಕಿಂಡಿ. ತಣ್ಣನೆ ಗಾಳಿ ಕೆಳಗಿನಿಂದ ಒಳಗೆ, ಬಿಸಿಗಾಳಿ ಮೇಲಿನಿಂದ ಹೊರಗೆ. ದೊಡ್ಡ ಹುಳುವಿಗೆ 24–25 ಡಿಗ್ರಿ ಇರಬೇಕು, ಧಗೆ ಜಾಸ್ತಿ ಆದರೆ ಸೊಪ್ಪು ತಿನ್ನೋದು ಬಿಡುತ್ತೆ ಅಂತ ನಮ್ಮಜ್ಜಿ ರಾತ್ರಿಯೆಲ್ಲ ಎದ್ದು ಎದ್ದು ನೋಡ್ತಾರೆ. ಕಂಪ್ಯೂಟರ್ ಪೆಟ್ಟಿಗೆಯೂ ಹಾಗೆಯೇ: ಮುಂದೆ ಕೆಳಗಿನಿಂದ ಗಾಳಿ ಒಳಗೆ ಬಂದು, ಹಿಂದೆ ಮೇಲಿನ ಫ್ಯಾನಿನಿಂದ ಹೊರಗೆ ಹೋಗಬೇಕು. (ನೆಲಕ್ಕೆ ನೀರು ಚಿಮುಕಿಸುವುದು, ಒದ್ದೆ ಗೋಣಿಚೀಲ ಕಟ್ಟುವುದು ಮಾತ್ರ ಹುಳು ಮನೆಗೇ ಇರಲಿ!) ಧಗೆ ಹೆಚ್ಚಾದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಇನ್ನೂ ಹೆಚ್ಚಾದರೆ ಆಫ್ ಆಗುತ್ತದೆ. ಮಾರ್ಚ್ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ನಮ್ಮ ಕಂಪ್ಯೂಟರುಗಳು ತೂಕಡಿಸುವುದು ಇದಕ್ಕೇ.

ಮತ್ತೆ ನಾವು ಮಾಡುವುದೇನು? ಮರದ ಮೇಜಿನ ಗೂಡಿನೊಳಗೆ ತುರುಕಿ, ಧೂಳು ಬೀಳಬಾರದು ಅಂತ ಪ್ಲಾಸ್ಟಿಕ್ ಕವರ್ ಹೊದಿಸಿ, ಹಾಗೆಯೇ ಆನ್ ಮಾಡುತ್ತೇವೆ. ಆಯುಧಪೂಜೆಯ ವಿಭೂತಿ, ಅರಿಶಿನದ ಪುಡಿ ಫ್ಯಾನಿನ ಜಾಲರಿಯಲ್ಲೇ ಕೂತಿದೆ. ಅಣ್ಣ ಒಂದನ್ನು ಬಿಚ್ಚಿದಾಗ ಹೀಟ್ ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣಲಿಲ್ಲ, ಕಂಬಳಿ ಹೊದಿಸಿದಂತೆ ಧೂಳು. ಪೇಂಟ್ ಬ್ರಷ್ಷಿನಲ್ಲಿ ಬಿಡಿಸಿ, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ, ಕಡಲೆಕಾಳಿನಷ್ಟು ಹೊಸದು ಹಚ್ಚಿದ. ಕುಯ್ಯೋ ಎನ್ನುತ್ತಿದ್ದ ಫ್ಯಾನ್ ಸುಮ್ಮನಾಯಿತು. ಅದಕ್ಕೆ ತಗುಲಿದ್ದು ಒಂದು ಮಧ್ಯಾಹ್ನ.

ಗಾಜಿನ ಕ್ಯಾಬಿನೆಟ್ ಬೇಕೇ ಬೇಕು ಎನ್ನುವವರಿಗೆ ಗೌರಿಬಿದನೂರಿನ ನಮ್ಮ ಅತ್ತೆ ಮಗನ ಕಥೆ ಹೇಳುತ್ತೇನೆ. ಅವನು ಇಂಥದ್ದೇ ಒಂದು ತಂದ. ಮುಂದೆ ಪೂರ್ತಿ ಗಾಜು, ಅದರ ಹಿಂದೆ ಮೂರು ಬಣ್ಣದ ಫ್ಯಾನ್. ಗಾಜಿನ ಹಿಂದೆ ಫ್ಯಾನ್ ಎಷ್ಟು ತಿರುಗಿದರೆ ಏನು, ಗಾಳಿ ಬರುವುದು ಎಲ್ಲಿಂದ? ಬೇಸಿಗೆಯಲ್ಲಿ ಅವನು ಆ ಗಾಜಿನ ಮುಖವನ್ನೇ ಕಳಚಿ ಮಂಚದ ಕೆಳಗೆ ಇಟ್ಟ. ದುಡ್ಡು ಕೊಟ್ಟಿದ್ದು ಆ ಗಾಜಿಗೇ ತಾನೇ? ಪೆಟ್ಟಿಗೆ ಕೊಳ್ಳಲೇಬೇಕಾದರೆ ಮುಂದೆ ಜಾಲರಿ ಇರುವುದು, ಬಿಚ್ಚಿ ತೊಳೆಯುವ ಧೂಳುಪರದೆ ಇರುವುದು, ದೊಡ್ಡ ಫ್ಯಾನ್ ಹಿಡಿಯುವುದು ನೋಡಬೇಕು. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತದೆ, ಸದ್ದೂ ಕಡಿಮೆ.

ಆದರೆ ನಮಗೆ ಕೊಳ್ಳುವ ಅಗತ್ಯವೇ ಇಲ್ಲ. ಕಿಟಕಿ ಪಕ್ಕದ ಕಂಪ್ಯೂಟರಿನ ಪೆಟ್ಟಿಗೆ ತುಕ್ಕು ಹಿಡಿದು, ಹಿಂದಿನ ತಗಡು ಬಿದ್ದುಹೋಗಿ, ಇಲಿ ಒಳಗೆ ಗೂಡು ಮಾಡಿತ್ತು. ನಿಜವಾಗಿ ಸತ್ತಿರುವ ನಾಲ್ಕನೆಯದರ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ. ಇದರದ್ದನ್ನು ಅದಕ್ಕೆ ಕೂಡಿಸಿದರಾಯಿತು. ಎ.ಟಿ.ಎಕ್ಸ್. ಎಂಬ ಅಳತೆಯನ್ನು ಇಂಟೆಲ್ ಕಂಪನಿ 1995ರಲ್ಲಿ ಗೊತ್ತು ಮಾಡಿತು, ಈಗಲೂ ಸ್ಕ್ರೂ ತೂತುಗಳು ಅದೇ ಜಾಗದಲ್ಲಿವೆ. ಇವತ್ತು ಕೊಂಡ ಎಸ್.ಎಂ.ಪಿ.ಎಸ್. ಮುಂದೆ ಬರುವ ಕಂಪ್ಯೂಟರಿಗೂ ಆಗಬಹುದು ಎಂಬುದು ನನ್ನ ವಾದಕ್ಕೆ ಇನ್ನೊಂದು ಬಲ. ಕೆಲವು ಕಂಪನಿಗಳ ಗಿಡ್ಡ ಮಾದರಿಗಳಿಗೆ ಬೇರೆ ಅಳತೆ ಇರುತ್ತದೆ. ನಮ್ಮವು ಹಾಗಲ್ಲ, ಅಣ್ಣ ಟೇಪು ಹಿಡಿದು ನೋಡಿದ್ದಾನೆ.

ಇಷ್ಟೆಲ್ಲ ಮಾಡಿದರೆ ಅವು ಹೊಸ ಕಂಪ್ಯೂಟರಿನಷ್ಟು ಓಡುತ್ತವೆಯೇ ಎಂದು ಕೇಳುವಿರಿ. ಇಲ್ಲ. ಎಸ್.ಎಂ.ಪಿ.ಎಸ್., ಫ್ಯಾನ್, ಪೆಟ್ಟಿಗೆ ಬದಲಾಯಿಸಿದರೆ ಆಯಸ್ಸು ಬರುತ್ತದೆ, ವೇಗ ಬರುವುದಿಲ್ಲ. ಮೊದಲಿದ್ದ ವೇಗ ಮರಳಿ ಬಂದರೆ ಸಂತೋಷ. ವಿಂಡೋಸ್ 10ಕ್ಕೆ ಕಂಪನಿಯವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಆದ್ದರಿಂದ ಇವುಗಳಿಗೆ ಹಗುರವಾದ ಲಿನಕ್ಸ್ ಹಾಕುವುದೇ ಸರಿ. ಕನ್ನಡ ಟೈಪಿಂಗ್, ಲೆಕ್ಕದ ಹಾಳೆ, ಚಿತ್ರ ಬಿಡಿಸುವುದು, ಸಣ್ಣ ಪ್ರೋಗ್ರಾಮ್ ಬರೆಯುವುದು, ಇವಕ್ಕೆ ಸಾಕು. ಒಂದು ಲ್ಯಾಪ್‌ಟಾಪ್ ತಂದರೆ ಅದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುತ್ತದೆ, ಇನ್‌ಸ್ಪೆಕ್ಷನ್ ದಿನ ಹೊರಗೆ ಬರುತ್ತದೆ. ಐದು ಹಳೆಯ ಕಂಪ್ಯೂಟರ್ ಇದ್ದರೆ ಒಂದಕ್ಕೆ ಮೂವತ್ತು ಮೂವತ್ತೊಂದರ ಬದಲು ಹನ್ನೆರಡು ಹದಿಮೂರು ಜನ ಆಗುತ್ತೇವೆ.

ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ವಿಚಾರಿಸಿದ ಲೆಕ್ಕ ಇಷ್ಟು: ಎಸ್.ಎಂ.ಪಿ.ಎಸ್. ಒಂದಕ್ಕೆ 1,900ರಂತೆ ಮೂರಕ್ಕೆ 5,700 ರೂಪಾಯಿ, ಪೇಸ್ಟಿಗೆ 200. ಎಲೆಕ್ಟ್ರಿಷಿಯನ್ ಅಣ್ಣ ಅರ್ಥಿಂಗಿಗೆ ಸಾಮಾನು ಸೇರಿ 1,200 ಆಗುತ್ತೆ ಅಂದಿದ್ದಾರೆ. ಉಳಿಯುವ 900ರಲ್ಲಿ ಹಿಂದಿನ ಫ್ಯಾನ್‌ಗಳು. ಸುಟ್ಟ ಬೋರ್ಡನ್ನು ಮಾತ್ರ ಗುಜರಿಯವರಿಗೆ ಕೊಡುವುದು ಬೇಡ, ತಾಮ್ರಕ್ಕಾಗಿ ಸುಟ್ಟರೆ ಆ ಹೊಗೆ ನಮ್ಮೂರಿಗೇ. ಇ-ತ್ಯಾಜ್ಯ ತೆಗೆದುಕೊಳ್ಳಲು ನೋಂದಣಿ ಆದವರಿಗೇ ಸೇರಬೇಕು, ನಿಯಮವೂ ಹಾಗೆಯೇ ಇದೆ.

ನನ್ನ ಮಾತು ಒಪ್ಪುವವರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಒಪ್ಪದವರೂ ಕಾರಣ ಸಮೇತ ಬರೆಯಿರಿ, ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ಮನೆಯಲ್ಲಿ ಹಳೆಯ ಪೇಂಟ್ ಬ್ರಷ್ ಇದ್ದವರು ಶನಿವಾರ ತನ್ನಿ. ಮತ್ತೆ ಅಲ್ಲಿಯವರೆಗೆ ದಯವಿಟ್ಟು ಚಪ್ಪಲಿ ಹಾಕಿಕೊಂಡೇ ಆ ಕೋಣೆಗೆ ಹೋಗಿ, ಆರನೇ ತರಗತಿಯವರನ್ನು "ಮುಟ್ಟು" ಅನ್ನಬೇಡಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ