ವರ್ಷ ಯಾರ ಸ್ವತ್ತು?

"ಜನವರಿ ಒಂದು ಕ್ರೈಸ್ತರ ಹೊಸ ವರ್ಷ, ಯುಗಾದಿ ಅವರದಲ್ಲ" ಎಂಬ ಮಾತನ್ನು ಹೊರಗಿನವರು ಮಾತ್ರವಲ್ಲ, ನಮ್ಮವರೂ ಆಡುತ್ತಾರೆ. ಈ ಮಾತಿಗೆ ಆಧಾರವಿಲ್ಲ. ಜನವರಿಯಿಂದ ವರ್ಷವನ್ನೆಣಿಸುವ ರೂಢಿ ಕ್ರಿಸ್ತಜನನಕ್ಕೂ ಹಿಂದಿನ ರೋಮನ್ನರದು. ಆ ದಿನ ನಮಗೆ ದೇವಮಾತೆಯ ಮಹೋತ್ಸವ. ಧರ್ಮಸಭೆಯ ಆರಾಧನಾ ವರ್ಷ ತೊಡಗುವುದು ಆಗಮನ ಕಾಲದ ಮೊದಲ ಭಾನುವಾರದಂದು.

ವರ್ಷದ ಅಳತೆಯನ್ನು ನಿರ್ಧರಿಸುವುದು ಮತವಲ್ಲ, ಋತುಚಕ್ರ: 365 ದಿನ, 5 ಗಂಟೆ, 48 ನಿಮಿಷ, ಸುಮಾರು 45 ಸೆಕೆಂಡು. ಜೂಲಿಯಸ್ ಸೀಸರನ ಕ್ಯಾಲೆಂಡರ್ ಇದನ್ನು 365 ದಿನ, 6 ಗಂಟೆ ಎಂದೆಣಿಸಿ ವರ್ಷಕ್ಕೆ 11 ನಿಮಿಷ ತಪ್ಪಿತು. ಕ್ರಿ.ಶ. 325ರ ನಿಸೇಯಾ ಮಹಾಸಭೆಯ ಕಾಲದಲ್ಲಿ ಮಾರ್ಚ್ 21ರ ಆಸುಪಾಸಿನಲ್ಲಿದ್ದ, ಹಗಲಿರುಳು ಸಮವಾಗುವ ದಿನ, 16ನೆಯ ಶತಮಾನದಲ್ಲಿ ಮಾರ್ಚ್ 11ಕ್ಕೆ ಸರಿದು ಪಾಸ್ಖ ಹಬ್ಬದ ಲೆಕ್ಕವೇ ಕೆಟ್ಟಿತು. ಜಗದ್ಗುರು ಹದಿಮೂರನೆಯ ಗ್ರೆಗರಿಯವರು ತಪ್ಪನ್ನು ಮುಚ್ಚಿಡಲಿಲ್ಲ. 1582ರ ಅಕ್ಟೋಬರ್ 4ರ ಮರುದಿನವನ್ನು 15 ಎಂದು ವಿಧಿಸಿದರು. ಆ ರಾತ್ರಿಯೇ ಅವಿಲಾದ ಸಂತ ತೆರೇಸಾ ದೈವಾಧೀನರಾದರು. ಅವರ ಸ್ಮರಣೆ ಇಂದಿಗೂ ಅಕ್ಟೋಬರ್ 15ರಂದು.

ಈ ತಿದ್ದುಪಡಿ ರೋಮಿನಿಂದ ಬಂದಿತೆಂದೇ ಪ್ರಾಟೆಸ್ಟೆಂಟ್ ನಾಡುಗಳು ಮುಖ ತಿರುಗಿಸಿದವು. ಬ್ರಿಟನ್ 1752ರವರೆಗೂ ಹಳೆಯ ಲೆಕ್ಕವನ್ನೇ ಹಿಡಿದು ಕುಳಿತಿತು. ಸತ್ಯವನ್ನು ಬಿಟ್ಟು ಅದನ್ನು ನುಡಿದವರ ಜಾತಕ ನೋಡುವ ಈ ಮೌಢ್ಯ ನಮ್ಮಲ್ಲಿಲ್ಲವೇ? ಯುಗಾದಿಯ ಚಾಂದ್ರಮಾನವೂ ಅಧಿಕಮಾಸವನ್ನು ಸೇರಿಸಿಕೊಂಡು ಅದೇ ಸೂರ್ಯನಿಗೆ ಹೊಂದಿಕೊಳ್ಳುತ್ತದೆ. ಹೀಗಿರಲು ನೆರೆಮನೆಯವರು ಪ್ರೀತಿಯಿಂದ ಕೊಟ್ಟ ಬೇವುಬೆಲ್ಲಕ್ಕೆ ಕೈಯೊಡ್ಡಲು ನಮಗೇಕೆ ಹಿಂಜರಿಕೆ?

ಲೆಕ್ಕ ಸರಿಪಡಿಸಲು ಧರ್ಮಸಭೆ ಹತ್ತು ದಿನಗಳನ್ನೇ ಬಿಟ್ಟುಕೊಟ್ಟಿತು. ನಾವು ಒಂದು ಪೂರ್ವಗ್ರಹವನ್ನು ಬಿಡಲಾರೆವೇ?