ಓಲೆ ಉಳಿದರೆ ಸಾಲದು

ಹಳೆಯ ಬರಹವನ್ನು ಕಾಪಾಡುವುದೆಂದರೆ ಅದನ್ನು ಹೊತ್ತ ವಸ್ತುವನ್ನು ಕಾಪಾಡುವುದೆಂದೇ ನಾವು ತಿಳಿದುಬಂದಿದ್ದೇವೆ. ಮೈಸೂರಿನವರಿಗೆ ಈ ಭಾವನೆ ಸಹಜವಾದುದು. 1891ರಲ್ಲಿ ಸ್ಥಾಪಿತವಾದ ಇಲ್ಲಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಳೆಯೋಲೆಯ ಕಟ್ಟೊಂದರಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚಿಗೆ ತಂದರು. ಓಲೆ ಉಳಿದಿತ್ತು, ಗ್ರಂಥಲಿಪಿಯನ್ನು ಬಲ್ಲ ವಿದ್ವಾಂಸರಿದ್ದರು, ಅಷ್ಟೇ ಸಾಕಾಯಿತು.

ನಮ್ಮ ಕಾಲದ ಬರಹಕ್ಕೆ ಅಷ್ಟು ಸಾಲದು. ಈ ಮಾತು ನನಗೆ ಮನದಟ್ಟಾದದ್ದು, ಊರಿನ ಮಿತ್ರರೊಬ್ಬರ ಸಂಗ್ರಹದಲ್ಲಿರುವ ಹಳೆಯ ಗಣಕಯಂತ್ರವೊಂದನ್ನು ಕಂಡಾಗ. ಅದು ಆಪಲ್ ಸಂಸ್ಥೆ 1984ರ ಜನವರಿಯಲ್ಲಿ ಹೊರತಂದ ಮ್ಯಾಕಿಂಟಾಷ್. ಪರದೆ, ಲೆಕ್ಕ ನಡೆಸುವ ಭಾಗ, ಫ್ಲಾಪಿ ಡ್ರೈವ್ ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ. ಕೀಲಿಮಣೆ, ಮೌಸ್ ಮಾತ್ರ ಹೊರಗೆ. ಪರದೆ 9 ಅಂಗುಲ, ಸ್ಮೃತಿಯ ಅಳತೆ 128 ಕಿಲೋಬೈಟ್. ಹಾರ್ಡ್ ಡಿಸ್ಕ್ ಇಲ್ಲ. ಬರೆದುದೆಲ್ಲ 400 ಕಿಲೋಬೈಟಿನ ಫ್ಲಾಪಿಯಲ್ಲಿ. ಆ ಫ್ಲಾಪಿಯ ತಟ್ಟೆ ಒಂದೇ ವೇಗದಲ್ಲಿ ತಿರುಗುವುದಿಲ್ಲ: ಅಂಚಿನ ಸುತ್ತುಗಳನ್ನು ಬರೆಯುವಾಗ ನಿಧಾನ, ಒಳಸುತ್ತುಗಳಲ್ಲಿ ವೇಗ. ಆದುದರಿಂದ ಸಾಮಾನ್ಯ ಪಿ.ಸಿ.ಯ ಡ್ರೈವ್ ಅದನ್ನು ಓದಲಾರದು. 1998ರಲ್ಲಿ ಅದೇ ಸಂಸ್ಥೆ ಹೊರತಂದ ಐಮ್ಯಾಕ್ ಕೂಡ ಒಂದೇ ಪೆಟ್ಟಿಗೆಯ ಯಂತ್ರವೇ. ಆದರೆ ಅದರಲ್ಲಿ ಫ್ಲಾಪಿಗೆ ಸ್ಥಳವೇ ಇರಲಿಲ್ಲ. ಶತಮಾನಗಳನ್ನು ದಾಟಿದ ಓಲೆಯೆಲ್ಲಿ, ಹದಿನಾಲ್ಕು ವರ್ಷಗಳಲ್ಲಿ ನೆಲೆತಪ್ಪಿದ ಫ್ಲಾಪಿಯೆಲ್ಲಿ!

ಇದು ಮ್ಯಾಕಿಂಟಾಷ್ ಒಂದರ ಪಾಡಲ್ಲ. ಯಾವ ಯಂತ್ರದಲ್ಲಿ ಬರೆದಿದ್ದರೂ ಕನ್ನಡಕ್ಕೆ ಇನ್ನೊಂದು ತೊಡಕುಂಟು. 1991ರ ಯೂನಿಕೋಡ್‌ನಲ್ಲಿ ನಮ್ಮ ಲಿಪಿಗೆ ಸ್ಥಾನ ದೊರೆತರೂ ಅದು ಬಳಕೆಗೆ ಬರಲು ಹಲವು ವರ್ಷಗಳು ಹಿಡಿದವು. ಅಲ್ಲಿಯವರೆಗೆ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿ ಫಾಂಟುಗಳನ್ನು ರಚಿಸುತ್ತಿದ್ದರು. ಒಂದೊಂದು ತಂತ್ರಾಂಶದ ಜೋಡಣೆ ಒಂದೊಂದು ಬಗೆ. ಆ ಫಾಂಟು ಇಲ್ಲದೆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಕಾಲದಲ್ಲಿ ಅಚ್ಚಾದುದು ಪುಸ್ತಕವಾಗಿ ಉಳಿದಿದೆ. ಅಚ್ಚಾಗದ ಕರಡು, ಪತ್ರ, ಅರ್ಧಕ್ಕೆ ನಿಂತ ಪ್ರಬಂಧಗಳ ಗತಿಯೇನು?

ಹಳೆಯ ಯಂತ್ರದ ಮೋಹವೇಕೆ, ಬರಹವನ್ನು ಹೊಸದಕ್ಕೆ ಸಾಗಿಸಿದರಾಯಿತು ಎನ್ನುವವರುಂಟು. ಸಾಗಿಸಬೇಕೆಂಬುದು ನಿಜ. ಆದರೆ ಸಾಗಿಸುವ ಮುನ್ನ ಓದಬೇಕು. ಫ್ಲಾಪಿಯ ಕಾಂತಸಂಕೇತಗಳನ್ನು ನೇರವಾಗಿ ಸೆರೆಹಿಡಿಯುವ ಸಾಧನಗಳು ಈಗ ಇವೆಯಾದರೂ, ಬರೆದವನು ತನ್ನ ಪುಟವನ್ನು ಹೇಗೆ ಕಂಡನೆಂಬುದನ್ನು ತೋರಿಸಲು ಮೂಲಯಂತ್ರವೇ ಬೇಕು. 1979ರಲ್ಲಿ ಆರಂಭವಾದ ನಮ್ಮ ರೈಲ್ವೆ ಸಂಗ್ರಹಾಲಯದಲ್ಲಿ ಎಂಜಿನ್ ನಿಂತಿದ್ದರೂ ನೋಡುವವರಿಗೆ ತೃಪ್ತಿಯುಂಟು. ನಿಂತುಹೋದ ಗಣಕಯಂತ್ರವಾದರೋ ಬರಿಯ ಪೆಟ್ಟಿಗೆ. ಕೆಟ್ಟ ಕೆಪ್ಯಾಸಿಟರ್ ಬದಲಿಸಿ, ಸೋರುವ ಬ್ಯಾಟರಿಯನ್ನು ತೆಗೆದಿರಿಸಿ, ಅದನ್ನು ನಡೆಸುತ್ತಿರುವ ಸಂಗ್ರಾಹಕರ ಶ್ರಮವನ್ನು ಹವ್ಯಾಸವೆಂದು ತಳ್ಳಿಹಾಕುವುದು ಉಚಿತವಲ್ಲ. ಅದು ಗ್ರಂಥಪಾಲನೆಯೇ.

ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ. ಹಿರಿಯ ಲೇಖಕರ ಮನೆಯಲ್ಲಿ ಫ್ಲಾಪಿ ಕಂಡರೆ ಕಸಕ್ಕೆ ಹೋಗಗೊಡಬೇಡಿ. ವರ್ಷ, ಯಂತ್ರ, ತಂತ್ರಾಂಶ, ಫಾಂಟು ಇವುಗಳ ಹೆಸರನ್ನು ಕಾಗದದ ಮೇಲೆ ಬರೆದು ಅದರೊಡನೆ ಇರಿಸಿ. ಬಲ್ಲವರಿಂದ ಓದಿಸಿ, ಯೂನಿಕೋಡ್‌ಗೆ ಪರಿವರ್ತಿಸಿ, ಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸಿ. ಫ್ಲಾಪಿಯ ಕಾಂತಲೇಪನಕ್ಕೆ ಓಲೆಯ ಆಯುಸ್ಸಿಲ್ಲ. ಈ ಕಾರ್ಯವನ್ನು ಮುಂದಿನ ತಲೆಮಾರಿಗೆ ಬಿಡುವಂತಿಲ್ಲ.