ಹಲಗೆಗೆ ತಕ್ಕ ಕುದುರೆ

ಹಳೆಯ ವಾದ್ಯವೆಂದರೆ ಮನೆಯ ಹಿರಿಯರಿದ್ದಂತೆ. ಔಷಧ ಕೊಡುವ ಮೊದಲು ನಾಡಿ ಹಿಡಿದು ನೋಡಬೇಕು. ಈ ಸಲ ನಾವು ಹಳೆಯ ಎಲೆಕ್ಟ್ರಿಕ್ ಗಿಟಾರಿನ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಗಿಟಾರಿಗೂ ನಮ್ಮ ಮನೆಗಳಿಗೂ ಏನು ನಂಟು ಎಂದು ಕೆಲವು ವಾಚಕರು ಕೇಳಬಹುದು. ಮಲ್ಕಾಜ್‌ಗಿರಿಯಲ್ಲಿರುವವರಿಗೆ ಈ ಪ್ರಶ್ನೆ ಏಳದು. ಹತ್ತಿರದ ಲಾಲಾಗುಡದಲ್ಲಿ ನಿಜಾಮರ ಕಾಲದ ರೈಲ್ವೆ ಕಾರ್ಖಾನೆ ಉಂಟು; ಅದರ ಸುತ್ತಿನ ಕಾಲೊನಿಗಳಲ್ಲಿ ಆಂಗ್ಲೋ-ಇಂಡಿಯನ್ ಸಂಸಾರಗಳು ನೆಲಸಿದ್ದವು. 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರುಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತು. ಕೆಲಸಕ್ಕೆಂದು ನಮ್ಮವರೂ ಈ ಕಡೆಗೆ ಬಂದರು. ಹಾಗೆ ಕೈ ಬದಲಾಗಿ ಬಂದ ಗಿಟಾರೊಂದು ನಮ್ಮವರ ಅಟ್ಟದ ಮೇಲೂ ಇದ್ದರೆ ಆಶ್ಚರ್ಯವಿಲ್ಲ.

ಮಗನೋ ಮಗಳೋ ಅದನ್ನು ಇಳಿಸಿ ಧೂಳು ಕೊಡಹುತ್ತಾರೆ. ತಂತಿಗಳನ್ನು ಹೊರುವ ಕುದುರೆ ತುಕ್ಕು ಹಿಡಿದಿರುತ್ತದೆ. ಪೇಟೆಯಿಂದ ಹೊಸದನ್ನು ತಂದು ಕೂರಿಸುತ್ತಾರೆ. ನಡುವಿನ ತಂತಿಗಳು ಝರಝರ ಎನ್ನುತ್ತವೆ. ಕುದುರೆಯನ್ನು ಮೇಲೆತ್ತಿದರೆ ಝರಝರ ನಿಲ್ಲುತ್ತದೆ. ಆದರೆ ಅಂಚಿನ ತಂತಿಗಳನ್ನು ಒತ್ತಿ ಬೆರಳು ನೋಯುತ್ತದೆ. "ನಿನಗೆ ಅಭ್ಯಾಸ ಸಾಲದು" ಎಂದು ನಾವು ಗದರಿಸುತ್ತೇವೆ. ತಿಂಗಳೊಳಗೆ ವಾದ್ಯ ಮತ್ತೆ ಅಟ್ಟಕ್ಕೆ, ಇಲ್ಲವೆ ಗುಜರಿಗೆ. ತಪ್ಪು ಬೆರಳಿನದೇ? ಅಲ್ಲ, ಬಹುಮಟ್ಟಿಗೆ ಕುದುರೆಯದು.

ನಮ್ಮ ವೀಣೆಯನ್ನು ನೆನೆಯಿರಿ. ಅದರ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಎತ್ತರ ತಗ್ಗುಗಳಾದರೆ ಮೇಣ ಮೆತ್ತಗೆ ಮಾಡಿ ಮೆಟ್ಟಿಲುಗಳನ್ನೇ ಹೊಂದಿಸಬಹುದು. ಗಿಟಾರಿನ ಮೆಟ್ಟಿಲುಗಳನ್ನು ಮರಕ್ಕೆ ಬಡಿದು ಕೂರಿಸಿರುತ್ತಾರೆ. ಅಲ್ಲಿ ಸುಲಭವಾಗಿ ಬಗ್ಗಬಲ್ಲದ್ದು ಕುದುರೆಯೊಂದೇ. ಪಿಟೀಲಿನಲ್ಲಿಯೂ ಹಾಗೆಯೇ, ಹಲಗೆಯ ಉಬ್ಬನ್ನು ನೋಡಿಯೇ ಕುದುರೆಯನ್ನು ಕಡೆಯುತ್ತಾರೆ. ಮೈಸೂರಿನ ಟಿ. ಚೌಡಯ್ಯನವರು (1895-1967) ಪಿಟೀಲಿಗೆ ಏಳು ತಂತಿ ಕಟ್ಟಿ ಹೆಸರಾದರಲ್ಲವೆ? ಏಳು ತಂತಿ ಹೊರುವ ಕುದುರೆ ನಾಲ್ಕು ತಂತಿಯದೇ ಆಗಿರಲು ಹೇಗೆ ಸಾಧ್ಯ?

ಗಿಟಾರಿನ ಹಲಗೆ ಅಡ್ಡಲಾಗಿ ತುಸು ಉಬ್ಬಿರುತ್ತದೆ. ಅದು ದೊಡ್ಡದೊಂದು ವೃತ್ತದ ತುಣುಕು. ತ್ರಿಜ್ಯ ಕಡಮೆಯಾದಷ್ಟೂ ಉಬ್ಬು ಹೆಚ್ಚು. ಅಮೆರಿಕದ ಲಿಯೊ ಫೆಂಡರ್ 1954ರಲ್ಲಿ ಹೊರತಂದ ಸ್ಟ್ರಾಟೊಕಾಸ್ಟರಿನ ತ್ರಿಜ್ಯ 7.25 ಅಂಗುಲ, ಎಂದರೆ 184 ಮಿ.ಮೀ. ಗಿಬ್ಸನ್ ಗಿಟಾರುಗಳದು ಸಾಮಾನ್ಯವಾಗಿ 12 ಅಂಗುಲ, 305 ಮಿ.ಮೀ. ಅಂಚಿನ ತಂತಿಗಳ ನಡುವೆ 52 ಮಿ.ಮೀ. ಇದ್ದರೆ, ಮೊದಲನೆಯ ಬಗೆಯಲ್ಲಿ ನಡುವಿನ ತಂತಿಗಳು ಅಂಚಿನವಕ್ಕಿಂತ ಸುಮಾರು 1.8 ಮಿ.ಮೀ. ಮೇಲಿರಬೇಕು; ಎರಡನೆಯದರಲ್ಲಿ 1.1 ಸಾಕು. ವ್ಯತ್ಯಾಸ 0.7 ಮಿ.ಮೀ. ಇಷ್ಟೇ ಅಂತರ ಸಾಕು, ಝರಝರವೂ ಬೆರಳುನೋವೂ ಹುಟ್ಟುವುದಕ್ಕೆ.

ಆದುದರಿಂದ ಮೊದಲು ಅಳೆಯಿರಿ. ತೆಳುವಾದ ಮರದ ಪಟ್ಟಿಯಲ್ಲಿ 184 ಮಿ.ಮೀ. ಅಂತರಕ್ಕೆ ಎರಡು ತೂತು ಮಾಡಿ, ಒಂದಕ್ಕೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲು ಇಟ್ಟು ರಟ್ಟಿನ ಮೇಲೆ ಕಮಾನು ಎಳೆಯಿರಿ. 241 (9.5 ಅಂಗುಲ), 305 ಮಿ.ಮೀ.ಗಳಿಗೂ ಹೀಗೆಯೇ ಮಾಡಿ. ಕಮಾನಿನ ಹೊರಬದಿಯ ರಟ್ಟನ್ನು ಕತ್ತರಿಸಿಕೊಂಡು, ತಂತಿ ಬಿಚ್ಚಿದ ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ. ಅಂಚುಗಳಲ್ಲಿ ಬೆಳಕು ಕಂಡರೆ ಹಲಗೆಯ ಉಬ್ಬು ಹೆಚ್ಚು. ನಡುವೆ ಕಂಡರೆ ಕಡಮೆ. ಎಲ್ಲಿಯೂ ಕಾಣದಿದ್ದರೆ ಅದೇ ನಿಮ್ಮ ಅಳತೆ.

ಸ್ಟ್ರಾಟೊಕಾಸ್ಟರಿನ ಕುದುರೆಯಲ್ಲಿ ಒಂದೊಂದು ತಂತಿಗೂ ಬೇರೆ ಆಸನವಿದ್ದು, ಸಣ್ಣ ತಿರುಪುಗಳಿಂದ ಎತ್ತರ ಹೊಂದಿಸಬಹುದು. ಅಲ್ಲಿ ನೋಡಬೇಕಾದ್ದು ಅಗಲ: ಹಳೆಯದರಲ್ಲಿ ಅಂಚಿನ ತಂತಿಗಳ ಅಂತರ ಸುಮಾರು 56 ಮಿ.ಮೀ., ಹೊಸ ಬಗೆಗಳಲ್ಲಿ 52.5. ಹಳೆಯದಕ್ಕೆ ಆರು ತಿರುಪು, ಹೊಸವು ಹಲವಕ್ಕೆ ಎರಡೇ ಕಂಬ. ಗಿಬ್ಸನ್ ಬಗೆಯ ಕುದುರೆಯಾದರೋ ಇಡಿಯಾಗಿ ಏರಿಳಿಯುವುದೇ ಹೊರತು ಒಂದೊಂದು ತಂತಿಗೆ ಬೇರೆಯಾಗಿ ಅಲ್ಲ. ಅದು ಹಲಗೆಗಿಂತ ಚಪ್ಪಟೆಯಾಗಿದ್ದರೆ ಅಂಚಿನ ತಂತಿಗಳ ಗೀರನ್ನು ಸಣ್ಣ ಅರದಿಂದ ಕೊಂಚ ಕೊಂಚವಾಗಿ ಆಳ ಮಾಡಬೇಕು. ಗೀರು ಮೆಟ್ಟಿಲುಗಳ ಕಡೆಗೆ ಎತ್ತರವಾಗಿ ಹಿಂದಕ್ಕೆ ಇಳಿಜಾರಾಗಿರಲಿ. ಇಲ್ಲವಾದರೆ ತಂತಿ ಕುದುರೆಯ ಬೆನ್ನನ್ನು ಸವರಿ ಗುಂಯ್‌ಗುಡುತ್ತದೆ. ತಂಬೂರಿಯಲ್ಲಿ ಅದೇ ಜೀವ. ಗಿಟಾರಿನಲ್ಲಿ ಅದು ರೋಗ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇವೆ. ಹೊಸ ಕುದುರೆ ಹೊಂದಲಿಲ್ಲವೆಂದು ಹಳೆಯ ಹಲಗೆಯನ್ನು ಉಜ್ಜಬೇಡಿ. ಮೈಯಲ್ಲಿ ಹೊಸ ತೂತು ಕೊರೆಯಬೇಡಿ. ಕುದುರೆ ಕೆಟ್ಟರೆ ಇನ್ನೊಂದು ಸಿಕ್ಕೀತು, ಕೊರೆದ ಮರ ಮತ್ತೆ ಕೂಡದು. ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದಾದರೂ ಅಳತೆಯನ್ನು ಬರೆದುಕೊಟ್ಟು, ಏನನ್ನು ಮುಟ್ಟಬಾರದೆಂದು ಮೊದಲೇ ಹೇಳಿಬಿಡಿ. ಕಳಚಿದ ಹಳೆಯ ಕುದುರೆಯನ್ನು ಎಸೆಯದೆ, ಕಾಗದದಲ್ಲಿ ಸುತ್ತಿ ವಾದ್ಯದ ಪೆಟ್ಟಿಗೆಯಲ್ಲಿಯೇ ಇಡಿ. ಮುಂದೆ ಅದನ್ನು ತೆರೆಯುವವರಿಗೆ ಸರಿಯಾದ ಅಳತೆ ಅದರಿಂದಲೇ ತಿಳಿಯುತ್ತದೆ.

ಮಕ್ಕಳು ಬೆರಳು ನೋಯುತ್ತದೆಂದರೆ ಗದರಿಸುವ ಮುನ್ನ ರಟ್ಟಿನ ತುಂಡನ್ನು ಕೈಗೆ ತೆಗೆದುಕೊಳ್ಳಿ. ಅರ್ಧ ಗಂಟೆಯ ಕೆಲಸ. ಒಂದು ಸಂಗೀತ ಉಳಿದೀತು.